ಅಪಾರ್ಟ್‌ಮೆಂಟ್ ಎಸ್‌ಟಿಪಿ ಆಪರೇಟರ್ ಕೆಲಸ ಬಂದಿದೆ, ಸೇರಬಹುದಾ?

ಶಿರಾ_ಫಿಟ್ಟರ್

ಎಲ್ಲರಿಗೂ ನಮಸ್ಕಾರ. ನಾನು ಐಟಿಐ ಫಿಟ್ಟರ್. ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಇದ್ದೆ. ಆರ್ಡರ್ ಇಲ್ಲ ಅಂತ ಕಾಂಟ್ರಾಕ್ಟ್ ಹುಡುಗರನ್ನೆಲ್ಲ ಮನೆಗೆ ಕಳಿಸಿದರು. ಈಗ ರೂಮ್‌ಮೇಟ್ ಕಡೆಯಿಂದ ಒಂದು ಕೆಲಸ ಬಂದಿದೆ. ಸರ್ಜಾಪುರ ರಸ್ತೆಯ ಹತ್ತಿರ 400 ಮನೆಯ ಅಪಾರ್ಟ್‌ಮೆಂಟ್. ಬೇಸ್‌ಮೆಂಟ್‌ನಲ್ಲಿ 250 ಕೆಎಲ್‌ಡಿ ಎಸ್‌ಟಿಪಿ ಇದೆ, ಅಂದರೆ ದಿನಕ್ಕೆ ಎರಡೂವರೆ ಲಕ್ಷ ಲೀಟರ್ ಚರಂಡಿ ನೀರು ಶುದ್ಧ ಮಾಡುವ ಘಟಕ. ಅದನ್ನು ನಡೆಸಲು ಒಬ್ಬ ಗುತ್ತಿಗೆದಾರನಿಗೆ ಕೊಟ್ಟಿದ್ದಾರೆ, ಅವನ ಕೆಳಗೆ ನಾನು ಆಪರೇಟರ್. 12 ಗಂಟೆ ಶಿಫ್ಟ್, ಒಂದು ವಾರ ಹಗಲು, ಒಂದು ವಾರ ರಾತ್ರಿ.

ಇಂಟರ್‌ವ್ಯೂನಲ್ಲಿ ಕೇಳಿದ್ದು ಎರಡೇ ಪ್ರಶ್ನೆ. ಮೋಟಾರ್ ಸ್ಟಾರ್ಟರ್ ಬಗ್ಗೆ ಗೊತ್ತಾ? ವಾಸನೆ ತಡ್ಕೊಳ್ತೀಯಾ? ಎರಡಕ್ಕೂ ಹ್ಞೂಂ ಅಂದೆ. ನಾಳೆಯಿಂದಲೇ ಬಾ ಅಂದರು. ಇಷ್ಟು ಸುಲಭವಾಗಿ ಕೆಲಸ ಕೊಟ್ಟರೆ ಅನುಮಾನ ಬರುತ್ತದೆ ಅಲ್ವಾ?

ನನಗೆ ಗೊತ್ತಾಗಬೇಕಿರುವುದು ಇಷ್ಟು. ಇದರಲ್ಲಿ ಕಲಿಯಲು ಏನಾದರೂ ಇದೆಯಾ, ಇಲ್ಲ ಸ್ವಿಚ್ ಹಾಕಿ ತೆಗೆಯುವುದಷ್ಟೇನಾ? ಪ್ರಾಣಕ್ಕೆ ಅಪಾಯ ಇದೆಯಾ? ಮುಂದೆ ಜಲಮಂಡಳಿ ಪ್ಲಾಂಟ್ ಕಡೆಗೆ ಹೋಗಲು ಆಗುತ್ತದಾ? ಮನೆಯಲ್ಲಿ ಹೇಳಿದರೆ ಅಮ್ಮ "ಕಕ್ಕಸು ನೀರು ಬಾಚೋಕಾ ನಿನ್ನನ್ನ ಐಟಿಐ ಓದಿಸಿದ್ದು" ಅಂತ ಫೋನ್ ಇಟ್ಟರು.

ರಾಜಾಜಿನಗರ_ಕ್ರಾಸ್

ಸೇರು ಗುರು. ಪೀಣ್ಯದ ಶಬ್ದ ಕೇಳಿದ ಕಿವಿಗೆ ಬ್ಲೋವರ್ ಶಬ್ದ ಏನೂ ಅಲ್ಲ.

ಬ್ಲೋವರ್_ಅಣ್ಣ

ತಮ್ಮಾ, ಸ್ವಿಚ್ ಹಾಕಿ ತೆಗೆಯುವ ಕೆಲಸ ಅಂದುಕೊಂಡವರೇ ಈ ಊರಿನ ಎಷ್ಟೋ ಎಸ್‌ಟಿಪಿ ಕೆಡಿಸಿರುವುದು. ನಾನು ಹಲವು ವರ್ಷದಿಂದ ಇದರಲ್ಲೇ ಇದ್ದೇನೆ. ಅಪಾರ್ಟ್‌ಮೆಂಟ್, ಟೆಕ್ ಪಾರ್ಕ್, ಆಸ್ಪತ್ರೆ ಎಲ್ಲ ಕಡೆ ಮಾಡಿದ್ದೇನೆ. ಒಂದು ಶಿಫ್ಟ್ ಹೇಗಿರುತ್ತದೆ ಹೇಳುತ್ತೇನೆ ಕೇಳು.

ಬಂದ ತಕ್ಷಣ ಹಿಂದಿನ ಶಿಫ್ಟಿನವನ ಜೊತೆ ಒಂದು ಸುತ್ತು ಹಾಕಬೇಕು. ಲಾಗ್‌ಬುಕ್ ನಂಬಬೇಡ. ನಾಳೆಯ ರೀಡಿಂಗ್ ಇವತ್ತೇ ಬರೆದಿಡುವ ಪುಣ್ಯಾತ್ಮರು ಇದ್ದಾರೆ. ಮೊದಲು ಬಾರ್ ಸ್ಕ್ರೀನ್. ವೆಟ್ ವೈಪ್ಸ್, ಪ್ಯಾಡ್, ಕೂದಲು, ಈರುಳ್ಳಿ ಸಿಪ್ಪೆ, ಮಕ್ಕಳ ಆಟದ ಸಾಮಾನು, ಏನು ಬೇಕಾದರೂ ಬರುತ್ತದೆ. ಕೊಕ್ಕೆಯಲ್ಲಿ ಎಳೆದು ನೀರು ಬಸಿದು ಚೀಲಕ್ಕೆ ಹಾಕಬೇಕು. ಗ್ಲೌಸ್ ಇಲ್ಲದೆ ಮುಟ್ಟಬೇಡ, ಅದರೊಳಗೆ ಬ್ಲೇಡ್, ಸೂಜಿ ಇರುತ್ತವೆ. ಇಲ್ಲಿ ಸೋಮಾರಿತನ ಮಾಡಿದರೆ ಒಂದು ವೈಪ್ ಹೋಗಿ ಪಂಪಿನ ಇಂಪೆಲ್ಲರ್‌ಗೆ ಸುತ್ತಿಕೊಳ್ಳುತ್ತದೆ. ರಾತ್ರಿ ಎರಡು ಗಂಟೆಗೆ ಪಂಪ್ ಎತ್ತುವ ಕೆಲಸ ನಿನ್ನದೇ.

ಆಮೇಲೆ ಈಕ್ವಲೈಸೇಶನ್ ಟ್ಯಾಂಕ್. ಬೆಳಿಗ್ಗೆ 6ರಿಂದ 10ರ ತನಕ 400 ಮನೆಯವರೂ ಒಟ್ಟಿಗೆ ಸ್ನಾನ, ಫ್ಲಶ್, ಪಾತ್ರೆ, ಬಟ್ಟೆ. ಆ ನೀರು ಹಿಡಿಯಲು ರಾತ್ರಿಯೇ ಟ್ಯಾಂಕಿನ ಮಟ್ಟ ಇಳಿಸಿರಬೇಕು. ರಾತ್ರಿ ಶಿಫ್ಟಿನವನು ನಿದ್ದೆ ಹೊಡೆದರೆ ಹಗಲಿನವನ ಬೆಳಿಗ್ಗೆ ಓವರ್‌ಫ್ಲೋ ನೋಡುವುದರಲ್ಲೇ ಮುಗಿಯುತ್ತದೆ.

ನಿಜವಾದ ಕೆಲಸ ಏರೇಷನ್ ಟ್ಯಾಂಕಿನಲ್ಲಿ. ಅಲ್ಲಿರುವ ಕಂದು ಕೆಸರು ಸುಮ್ನೆ ಕೆಸರಲ್ಲ, ಜೀವಂತ ಬ್ಯಾಕ್ಟೀರಿಯಾ. ಬ್ಲೋವರ್ ಗಾಳಿ ಕೊಡುತ್ತದೆ, ಬರುವ ಕೊಳೆ ಅವುಗಳ ಊಟ. ಮನೆಯಲ್ಲಿ ಹಸು ಕಟ್ಟಿದ ಹಾಗೆ, ಹಬ್ಬಕ್ಕೂ ರಜೆ ಇಲ್ಲ. ದಿನಾ ಬಣ್ಣ ನೋಡು, ವಾಸನೆ ನೋಡು, ನೊರೆ ನೋಡು. ಒಳ್ಳೆಯ ಕಂದು ಬಣ್ಣ, ಒದ್ದೆ ಮಣ್ಣಿನ ವಾಸನೆ ಇದ್ದರೆ ನೆಮ್ಮದಿ. ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ. ಒಂದೇ ಜಾಗದಲ್ಲಿ ನೀರು ಕೊತಕೊತ ಕುದಿಯುವಂತೆ ಏಳುತ್ತಿದ್ದರೆ ಕೆಳಗೆ ಗಾಳಿಯನ್ನು ಗುಳ್ಳೆ ಮಾಡಿ ಬಿಡುವ ಡಿಫ್ಯೂಸರ್ ಹರಿದಿದೆ.

ನೀನು ಫಿಟ್ಟರ್ ಆಗಿರುವುದು ದೊಡ್ಡ ಪ್ಲಸ್. ಬ್ಲೋವರ್ ಬೆಲ್ಟ್, ಆಯಿಲ್, ಬೇರಿಂಗ್, ನಾನ್ ರಿಟರ್ನ್ ವಾಲ್ವ್, ಪಂಪ್ ಸೀಲ್, ಇದೆಲ್ಲ ನಿನಗೆ ಕೈಯಳತೆಯಲ್ಲಿದೆ. ಕಲಿಯಬೇಕಾದದ್ದು ನೀರಿನ ಕಡೆಯ ಪಾಠ.

ಟವರ್_ಸಿ_ನಿವಾಸಿ

ಇಲ್ಲಿ ಆಪರೇಟರ್‌ಗಳನ್ನು ಹೊಗಳುತ್ತಿದ್ದೀರಿ, ಸರಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಸ್‌ಟಿಪಿಯಿಂದ ಬರುವ ಫ್ಲಶ್ ನೀರು ಹಳದಿ. ಬಾತ್‌ರೂಮ್ ಬಾಗಿಲು ತೆಗೆದರೆ ಚರಂಡಿ ವಾಸನೆ. ಕೆಳಗೆ ಹೋಗಿ ಕೇಳಿದರೆ ಹುಡುಗ ಫೋನ್ ನೋಡುತ್ತಾ ಕೂತಿರುತ್ತಾನೆ. ತಿಂಗಳು ತಿಂಗಳು ಮೇಂಟೆನೆನ್ಸ್ ಕಟ್ಟುವುದು ಇದಕ್ಕಾ?

ಬ್ಲೋವರ್_ಅಣ್ಣ

ಸರ್, ಕೋಪ ಮಾಡಿಕೊಳ್ಳಬೇಡಿ. ಒಂದೇ ಒಂದು ಪ್ರಶ್ನೆ. ಕರೆಂಟ್ ಬಿಲ್ ಉಳಿಸಲು ರಾತ್ರಿ ಬ್ಲೋವರ್ ಆಫ್ ಮಾಡಿ ಅಂತ ನಿಮ್ಮ ಕಮಿಟಿ ಹೇಳಿದೆಯಾ? ಕೇಳಿ ನೋಡಿ.

ಟವರ್_ಸಿ_ನಿವಾಸಿ

ಕೇಳಿದೆ. ರಾತ್ರಿ 11ರಿಂದ ಬೆಳಿಗ್ಗೆ 5ಕ್ಕೆ ಟೈಮರ್ ಇಟ್ಟಿದ್ದಾರಂತೆ. ರಾತ್ರಿ ಯಾರೂ ನೀರು ಬಳಸುವುದಿಲ್ಲವಲ್ಲ, ಅದರಲ್ಲಿ ತಪ್ಪೇನು? ಶಬ್ದದ ಬಗ್ಗೆ ಗ್ರೌಂಡ್ ಫ್ಲೋರಿನವರ ಕಂಪ್ಲೇಂಟ್ ಬೇರೆ ಇತ್ತು.

ಲ್ಯಾಬ್_ಮೇಡಂ

ತಪ್ಪು ಅಲ್ಲೇ ಇದೆ ಸರ್. ನೀರು ಬರದಿದ್ದರೂ ಟ್ಯಾಂಕಿನಲ್ಲಿರುವ ಬ್ಯಾಕ್ಟೀರಿಯಾ ಉಸಿರಾಡುವುದನ್ನು ನಿಲ್ಲಿಸುವುದಿಲ್ಲ. ಗಾಳಿ ನಿಂತರೆ ನೀರಲ್ಲಿ ಕರಗಿದ ಆಮ್ಲಜನಕ ಬೇಗ ಮುಗಿದುಹೋಗುತ್ತದೆ. ಸಾಮಾನ್ಯವಾಗಿ ಲೀಟರಿಗೆ 2 ಮಿಲಿಗ್ರಾಂ ಸುತ್ತ ಇರಬೇಕು. ಅದು ಸೊನ್ನೆಯಾದರೆ ಗಾಳಿ ಬೇಕಾದ ಬ್ಯಾಕ್ಟೀರಿಯಾ ಸೊರಗುತ್ತವೆ, ಗಾಳಿ ಬೇಡದವು ಕೆಲಸ ಶುರು ಮಾಡುತ್ತವೆ. ನಿಮ್ಮ ಬಾತ್‌ರೂಮಿನ ವಾಸನೆ ಅಲ್ಲಿಂದ ಬರುತ್ತಿರಬಹುದು. ಕೆಸರು ಕೆಳಗೆ ಕೂತು ಡಿಫ್ಯೂಸರ್ ಕಟ್ಟಿಕೊಳ್ಳುತ್ತದೆ, ಅದು ಬೇರೆ ಖರ್ಚು.

ಎಸ್‌ಟಿಪಿಯ ಕರೆಂಟಿನಲ್ಲಿ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಗಾಳಿ ಊದುವುದಕ್ಕೇ ಹೋಗುತ್ತದೆ ನಿಜ. ಅದಕ್ಕೇ ಎಲ್ಲರ ಕಣ್ಣು ಬ್ಲೋವರ್ ಮೇಲೆ.

ಹೆಬ್ಬಾಳ_ಹೈದ

ಮೇಡಂ ಒಂದು ತಿದ್ದುಪಡಿ. ಎಸ್‌ಬಿಆರ್ ಪ್ಲಾಂಟ್ ಆದರೆ ಬ್ಲೋವರ್ ನಿಲ್ಲುವುದೇ ಕ್ರಮ. ತುಂಬಿಸು, ಗಾಳಿ ಕೊಡು, ಕೂರಿಸು, ಮೇಲಿನ ತಿಳಿ ನೀರು ತೆಗೆ, ಅಷ್ಟೂ ಒಂದೇ ಟ್ಯಾಂಕಿನಲ್ಲಿ. ನೀವು ಹೇಳಿದ್ದು ಕೇಳಿ ಯಾರಾದರೂ ಅದರಲ್ಲೂ 24 ಗಂಟೆ ಗಾಳಿ ಬಿಟ್ಟಾರು.

ಲ್ಯಾಬ್_ಮೇಡಂ

ಒಪ್ಪಿದೆ. ಆದರೆ ಎಸ್‌ಬಿಆರ್‌ನಲ್ಲೂ ಆರು ಗಂಟೆ ಒಂದೇ ಸಮ ನಿಲ್ಲಿಸುವುದಿಲ್ಲ. ಕೂರಿಸಲು ಒಂದು ಗಂಟೆ, ತಿಳಿ ತೆಗೆಯಲು ಇನ್ನೊಂದಷ್ಟು ಹೊತ್ತು. ಕಮಿಟಿಯವರ ಟೈಮರ್‌ಗೂ ಅದಕ್ಕೂ ಸಂಬಂಧ ಇಲ್ಲ.

ಶಿರಾ_ಫಿಟ್ಟರ್

ಬ್ಲೋವರ್ ಅಣ್ಣ, ತುಂಬ ಥ್ಯಾಂಕ್ಸ್. ನೀರಿನ ಕಡೆಯ ಪಾಠ ಅಂದಿರಲ್ಲ, ಎಲ್ಲಿಂದ ಶುರು ಮಾಡಲಿ? ಗುತ್ತಿಗೆದಾರ ಟ್ರೈನಿಂಗ್ ಏನೂ ಇಲ್ಲ ಅಂದ.

ಬ್ಲೋವರ್_ಅಣ್ಣ

ಒಂದು ಲೀಟರಿನ ಅಳತೆ ಜಾಡಿ ಇದ್ದರೆ ಸಾಕು. ಏರೇಷನ್ ಟ್ಯಾಂಕಿನ ನೀರು ತುಂಬಿಸಿ ಅಲುಗಾಡಿಸದೆ 30 ನಿಮಿಷ ಬಿಡು. ಕೆಸರು ಎಷ್ಟು ಮಿಲಿಗೆ ಇಳಿಯಿತು ನೋಡಿ ಬರಿ. ಇದೇ ಎಸ್‌ವಿ 30. 250, 300 ಸುತ್ತ ನಿಂತು ಮೇಲೆ ತಿಳಿ ನೀರು ಇದ್ದರೆ ಪ್ಲಾಂಟ್ ಆರಾಮಾಗಿದೆ. 600, 700ರಲ್ಲೇ ನಿಂತರೆ ಕೆಸರು ಹೊರಗೆ ಹಾಕು. 50, 60 ಬಂದರೆ ಟ್ಯಾಂಕಿನಲ್ಲಿ ಕೆಸರೇ ಇಲ್ಲ, ಬೆಳೆಸಬೇಕು. ದಿನಾ ಒಂದೇ ಹೊತ್ತಿಗೆ ಮಾಡು.

ಲ್ಯಾಬ್_ಮೇಡಂ

ಅಣ್ಣ, 700 ಬಂದ ತಕ್ಷಣ ಹೊರಗೆ ಹಾಕು ಅನ್ನಬೇಡಿ. ಎರಡು ಕಾರಣ ಇರಬಹುದು. ಕೆಸರು ನಿಜವಾಗಿಯೂ ಜಾಸ್ತಿ ಆಗಿರಬಹುದು. ಇಲ್ಲವೇ ನೂಲಿನಂಥ ಬ್ಯಾಕ್ಟೀರಿಯಾ ಬೆಳೆದು ಕೆಸರು ಹಗುರಾಗಿ ಕೂರದೇ ಇರಬಹುದು. ಗೊತ್ತು ಮಾಡಿಕೊಳ್ಳುವುದು ಸುಲಭ. ಅರ್ಧ ಲೀಟರ್ ಏರೇಷನ್ ನೀರಿಗೆ ಅರ್ಧ ಲೀಟರ್ ಔಟ್‌ಲೆಟ್‌ನ ತಿಳಿ ನೀರು ಬೆರೆಸಿ ಮತ್ತೆ 30 ನಿಮಿಷ ಬಿಡಿ. ಈಗ ಜೋರಾಗಿ ಇಳಿದು ತಳ ಸೇರಿದರೆ ಕೆಸರು ಜಾಸ್ತಿ ಇತ್ತು, ಹೊರಗೆ ಹಾಕಿ. ಆಗಲೂ ನಿಧಾನವಾಗಿಯೇ ಇಳಿದರೆ ನೂಲಿನ ಸಮಸ್ಯೆ. ಆಗ ಗಾಳಿ ಸಾಲುತ್ತಿದೆಯಾ, ಎಣ್ಣೆ ಜಿಡ್ಡು ಬರುತ್ತಿದೆಯಾ ನೋಡಬೇಕು. ಎಂಎಲ್‌ಎಸ್‌ಎಸ್, ಅಂದರೆ ಏರೇಷನ್ ನೀರಿನಲ್ಲಿ ತೇಲುವ ಕೆಸರು, ಎಷ್ಟಿದೆ ಅಂತ ಲ್ಯಾಬಿನಲ್ಲಿ ಅಳೆಸಿದರೆ ಇನ್ನೂ ಒಳ್ಳೆಯದು. ಇಂಥ ಪ್ಲಾಂಟ್‌ಗೆ ಲೀಟರಿಗೆ 2500ರಿಂದ 4000 ಮಿಲಿಗ್ರಾಂ ಸಾಮಾನ್ಯ.

ಇನ್ನೊಂದು ತಮಾಷೆ ನೋಡಿ. ಅರ್ಧ ಗಂಟೆಗೆ ಚೆನ್ನಾಗಿ ಕೂತ ಕೆಸರು ಇನ್ನೊಂದು ಗಂಟೆ ಬಿಟ್ಟರೆ ಗುಳ್ಳೆ ಸಮೇತ ಇಡಿಯಾಗಿ ಮೇಲೆ ತೇಲಿ ಬರುತ್ತದೆ. ಹುಡುಗರು ಗಾಬರಿಯಾಗುತ್ತಾರೆ. ಅದು ನೈಟ್ರೋಜನ್ ಗಾಳಿ. ಕ್ಲಾರಿಫೈಯರ್‌ನಲ್ಲಿ, ಅಂದರೆ ಕೆಸರು ಕೂರಿಸುವ ಟ್ಯಾಂಕಿನಲ್ಲಿ, ಕೆಸರು ಜಾಸ್ತಿ ಹೊತ್ತು ನಿಂತಿದೆ, ಬೇಗ ವಾಪಸ್ ಎಳೆಯಬೇಕು ಅಂತ ಅರ್ಥ.

ಹೆಬ್ಬಾಳ_ಹೈದ

ಎಂಬಿಬಿಆರ್ ಪ್ಲಾಂಟ್ ಆದರೆ ಈ ಜಾಡಿ ಆಟ ಅಷ್ಟು ನಡೆಯುವುದಿಲ್ಲ. ಅಲ್ಲಿ ಬ್ಯಾಕ್ಟೀರಿಯಾ ಪ್ಲಾಸ್ಟಿಕ್ ಚಕ್ರಗಳ ಮೇಲೆ ಅಂಟಿಕೊಂಡಿರುತ್ತವೆ. ಮೊದಲು ನಿಮ್ಮ ಪ್ಲಾಂಟ್ ಯಾವ ಮಾದರಿ ಅಂತ ಕೇಳಿ.

ಬೆಲ್ಲದ_ಅಚ್ಚು

ಪ್ಲಾಂಟ್ ಕೆಟ್ಟರೆ ಸಗಣಿ, ಬೆಲ್ಲ ಹಾಕಿದರೆ ಆಯಿತು. ನಮ್ಮ ಕಡೆ ಎಲ್ಲರೂ ಅದನ್ನೇ ಮಾಡುತ್ತಾರೆ. ಇಷ್ಟೆಲ್ಲ ಪಾಠ ಯಾಕೆ?

ಲ್ಯಾಬ್_ಮೇಡಂ

ಹಬ್ಬಕ್ಕೆ ಅರ್ಧ ಅಪಾರ್ಟ್‌ಮೆಂಟ್ ಊರಿಗೆ ಹೋದಾಗ ಬ್ಯಾಕ್ಟೀರಿಯಾಕ್ಕೆ ಊಟ ಕಮ್ಮಿಯಾಗುತ್ತದೆ. ಆಗ ಬೆಲ್ಲ ಹಾಕುವುದರಲ್ಲಿ ಅರ್ಥ ಇದೆ. ಹೊಸ ಪ್ಲಾಂಟ್ ಶುರು ಮಾಡಲು ಸಗಣಿಯನ್ನೂ ಹಾಕುತ್ತಾರೆ. ಆದರೆ ಅದರ ನಾರು, ಮಣ್ಣು ಎಲ್ಲ ಟ್ಯಾಂಕಿನಲ್ಲೇ ಉಳಿಯುತ್ತದೆ. ಚೆನ್ನಾಗಿ ನಡೆಯುತ್ತಿರುವ ಬೇರೆ ಪ್ಲಾಂಟಿನ ಕೆಸರು ಒಂದು ಟ್ಯಾಂಕರ್ ತರಿಸಿ ಬಿಟ್ಟರೆ ಅದಕ್ಕಿಂತ ಬೇಗ ಆಗುತ್ತದೆ. ಗಾಳಿಯೇ ಇಲ್ಲದ ಟ್ಯಾಂಕಿಗೆ ಬೆಲ್ಲ ಸುರಿದರೆ ಮಾತ್ರ ಕೊಳೆಯುವುದು ಇನ್ನೂ ಜಾಸ್ತಿ. ಪ್ಯಾಕೆಟ್ ಕಲ್ಚರ್ ಪೌಡರ್ ಮಾರುವವರಿಗೂ ಇದೇ ಮಾತು.

ಈ ಕೆಸರಿನ ವಿದ್ಯೆಗೆ ನೂರು ವರ್ಷ ದಾಟಿದೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರ್ಡನ್, ಲಾಕೆಟ್ ಅನ್ನುವ ಇಬ್ಬರು ಕೂತ ಕೆಸರನ್ನು ಎಸೆಯದೆ ಮತ್ತೆ ಮತ್ತೆ ಬಳಸಿ ತೋರಿಸಿದರು. ಇವತ್ತಿಗೂ ನಿಮ್ಮ ಬೇಸ್‌ಮೆಂಟಿನಲ್ಲಿ ನಡೆಯುತ್ತಿರುವುದು ಅದೇ.

ದಾಸರಹಳ್ಳಿ_ಸೇಫ್ಟಿ

ಎಲ್ಲರೂ ನೀರಿನ ಬಗ್ಗೆ ಹೇಳಿದಿರಿ. ಹುಡುಗ ಪ್ರಾಣದ ಬಗ್ಗೆ ಕೇಳಿದ್ದಾನೆ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ತಮ್ಮಾ, ಟ್ಯಾಂಕಿನ ಒಳಗೆ ಇಳಿಯಬೇಡ. ಸೂಪರ್‌ವೈಸರ್ ಹೇಳಿದರೂ ಬೇಡ, ಕಮಿಟಿ ಅಧ್ಯಕ್ಷರು ಹೇಳಿದರೂ ಬೇಡ, ಚಾವಿ ಬಿದ್ದರೂ ಬೇಡ, ಮೊಬೈಲ್ ಬಿದ್ದರೂ ಬೇಡ. ಮುಚ್ಚಿದ ಕಲೆಕ್ಷನ್ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ. 100 ಪಿಪಿಎಂ ಸುತ್ತ ಹೋದರೆ ಮೂಗೇ ಕೆಲಸ ನಿಲ್ಲಿಸುತ್ತದೆ, ವಾಸನೆ ಹೋಯಿತು ಅಂದುಕೊಳ್ಳುತ್ತೀರಿ. ಇನ್ನೂ ಜಾಸ್ತಿಯಾದರೆ ಕೆಲವೇ ನಿಮಿಷ. ಗಾಳಿಗಿಂತ ಭಾರ, ಕೆಳಗೆ ಕೂತಿರುತ್ತದೆ. ಕೆಸರು ಕಲಕಿದ ತಕ್ಷಣ ಒಮ್ಮೆಲೇ ಏಳುತ್ತದೆ. ಇಂಥ ಸುದ್ದಿಗಳಲ್ಲಿ ಸಾಯುವುದು ಒಬ್ಬರಲ್ಲ. ಮೊದಲನೆಯವನನ್ನು ಎತ್ತಲು ಹೋದವನು, ಅವನ ಹಿಂದೆ ಹೋದವನು, ಹೀಗೆ. ಕರ್ಚೀಫ್, ಧೂಳಿನ ಮಾಸ್ಕ್ ಯಾವುದೂ ಇದಕ್ಕೆ ಆಗುವುದಿಲ್ಲ.

ಕಾನೂನೂ ನಿನ್ನ ಕಡೆಗಿದೆ. ರಕ್ಷಣೆಯ ಸಾಮಾನು ಕೊಡದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಒಳಗೆ ಮನುಷ್ಯರನ್ನು ಇಳಿಸುವುದಕ್ಕೆ 2013ರ ಕಾಯ್ದೆಯಲ್ಲಿ ನಿಷೇಧ ಇದೆ, ಇಳಿಸಿದವರಿಗೆ ಜೈಲು ಶಿಕ್ಷೆ ಇದೆ. ಚರಂಡಿಯಲ್ಲಿ ಸತ್ತವರ ಮನೆಯವರಿಗೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು.

ಹಳ್ಳಿ_ಬಾವಿ

ನಮ್ಮೂರಲ್ಲಿ ಹಳೇ ಬಾವಿಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ಆರಿದರೆ ಇಳಿಯುವುದಿಲ್ಲ, ಉರಿದರೆ ಇಳಿಯುತ್ತಿದ್ದರು. ಎಸ್‌ಟಿಪಿಯಲ್ಲೂ ಅದೇ ಮಾಡಬಹುದಲ್ಲ?

ದಾಸರಹಳ್ಳಿ_ಸೇಫ್ಟಿ

ದಯವಿಟ್ಟು ಬೇಡ ಸರ್! ಇಲ್ಲಿ ಮೀಥೇನ್ ಕೂಡ ಇರುತ್ತದೆ, ದೀಪ ಇಟ್ಟರೆ ಸ್ಫೋಟ ಆಗಬಹುದು. ದೀಪ ಉರಿದರೂ ಹೈಡ್ರೋಜನ್ ಸಲ್ಫೈಡ್ ಇಲ್ಲ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ನಾಲ್ಕು ಗ್ಯಾಸ್ ಅಳೆಯುವ ಮೀಟರ್ ಇದೆ. ಆಮ್ಲಜನಕ ಶೇ 19.5ಕ್ಕಿಂತ ಕಮ್ಮಿ ಇದ್ದರೆ ಯಾರೂ ಒಳಗೆ ಹೋಗುವ ಹಾಗಿಲ್ಲ. ಮೀಟರ್, ಬ್ಲೋವರ್ ಗಾಳಿ, ಹಗ್ಗ ಕಟ್ಟಿದ ಬೆಲ್ಟ್, ಮೇಲೆ ನಿಂತು ಎಳೆಯುವವರು, ಇದೆಲ್ಲ ಇರುವ ತಂಡವನ್ನೇ ಕರೆಸಬೇಕು. ಆಪರೇಟರ್‌ನ ಕೆಲಸ ಅದಲ್ಲ.

ಬ್ಲೋವರ್_ಅಣ್ಣ

ನಾನು ಇದನ್ನು ಮೊದಲೇ ಹೇಳಬೇಕಿತ್ತು, ಸೇಫ್ಟಿ ಅಣ್ಣ ಹೇಳಿದರು. ಜೊತೆಗೆ ಒಂದು ಸೇರಿಸುತ್ತೇನೆ. ಹೈಪೋ (ನೀರಿನ ಕ್ರಿಮಿ ಕೊಲ್ಲುವ ಕ್ಲೋರಿನ್ ದ್ರಾವಣ) ಕ್ಯಾನ್ ಪಕ್ಕದಲ್ಲಿ ಆಸಿಡ್ ಕ್ಯಾನ್ ಇಡುವ ಪ್ಲಾಂಟ್ ತುಂಬ ಇವೆ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್. ಬೇಸ್‌ಮೆಂಟಿನಲ್ಲಿ ಓಡಲು ಜಾಗವೂ ಇರುವುದಿಲ್ಲ. ಮೊದಲ ದಿನವೇ ಎರಡನ್ನೂ ದೂರ ಇಡು. ಟಿಟಿ, ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆಗಳ ಬಗ್ಗೆ ಡಾಕ್ಟರನ್ನು ಕೇಳು. ಕೈ ತೊಳೆಯದೆ ಬೀಡಿ, ಸಿಗರೇಟು, ಊಟ ಯಾವುದೂ ಬೇಡ.

ಮೈಕ್ರೋಬಯಾಲಜಿ_ಪುಟ್ಟಿ

ಬಿಎಸ್ಸಿ ಮುಗಿಸಿದ ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ತೆಗೆದುಕೊಳ್ಳುತ್ತಾರಾ? ಕೇಳಿದ ಕಡೆ ಎಲ್ಲ "ನೈಟ್ ಶಿಫ್ಟ್ ಇದೆಯಮ್ಮ" ಅನ್ನುತ್ತಾರೆ.

ಲ್ಯಾಬ್_ಮೇಡಂ

ದೊಡ್ಡ ಪ್ಲಾಂಟ್‌ನ ಲ್ಯಾಬ್ ಕಡೆ ಅರ್ಜಿ ಹಾಕಿ ಪುಟ್ಟಿ. ನಾನು ಬಂದ ದಾರಿಯೂ ಅದೇ. ಸ್ಯಾಂಪಲ್ ತೆಗೆಯುವುದು, ನೀರಿನ ಕೊಳೆ ಅಳೆಯುವ ಸಿಒಡಿ, ಬಿಒಡಿ ಪರೀಕ್ಷೆ, ಮೈಕ್ರೋಸ್ಕೋಪ್. ಕೆಸರಿನ ಒಂದು ತೊಟ್ಟು ಸ್ಲೈಡ್ ಮೇಲೆ ಇಟ್ಟು ಕಾಂಡದ ತುದಿಯಲ್ಲಿ ಗಂಟೆಯಂತಿರುವ ಜೀವಿಗಳನ್ನು ನೋಡಿದರೆ ಸಾಕು, ಪ್ಲಾಂಟ್ ಚೆನ್ನಾಗಿದೆ ಅಂತ ರಿಪೋರ್ಟ್ ಬರುವ ಮೊದಲೇ ಗೊತ್ತಾಗುತ್ತದೆ.

ಹೆಬ್ಬಾಳ_ಹೈದ

ಬಿಒಡಿ ರಿಪೋರ್ಟ್‌ಗೆ ಐದು ದಿನ ಬೇಕಲ್ಲ, ಅಷ್ಟರಲ್ಲಿ ಪ್ಲಾಂಟ್ ಸತ್ತಿರುತ್ತದೆ.

ಲ್ಯಾಬ್_ಮೇಡಂ

ಐದು ದಿನ ಅನ್ನುವುದು 20 ಡಿಗ್ರಿಯಲ್ಲಿ ಇಡುವ ಪದ್ಧತಿ. ನಮ್ಮಲ್ಲಿ 27 ಡಿಗ್ರಿ, ಮೂರು ದಿನ. ಮೂರು ದಿನವೂ ಜಾಸ್ತಿಯೇ ಬಿಡಿ, ಅದಕ್ಕೇ ಜಾಡಿ ಬೇಕಾಗಿರುವುದು.

ಮಾಲೂರು_ಟೊಮೆಟೊ

ನಿಮ್ಮ ಬೆಂಗಳೂರಿನ ನೀರು ಕೊನೆಗೆ ಬರುವುದು ನಮ್ಮ ಕೋಲಾರದ ಕಡೆಗೆ ಸ್ವಾಮಿ. ಕೋರಮಂಗಲ ಚಲ್ಲಘಟ್ಟ ಕಣಿವೆಯ ನೀರು, ನಾವೆಲ್ಲ ಕೆಸಿ ವ್ಯಾಲಿ ಅನ್ನುತ್ತೇವೆ. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ತುಂಬಿಸುವ ಲೆಕ್ಕದಲ್ಲಿ ಯೋಜನೆ ಮಾಡಿದರು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಮುಂದಿನ ತಿಂಗಳೇ ನೊರೆ! ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ಮತ್ತೆ ಬಿಟ್ಟರು. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂದದ್ದು ನಿಜ. ಇಲ್ಲ ಅನ್ನುವುದಿಲ್ಲ. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಬೇಕು ಅಂತ ನಮ್ಮ ಜನ ಕೇಳುತ್ತಲೇ ಇದ್ದಾರೆ. ನಿಮ್ಮ ಲಾಗ್‌ಬುಕ್‌ನಲ್ಲಿ ಸುಳ್ಳು ಬರೆದರೆ ಅದು ನಮ್ಮ ಹೊಲದಲ್ಲಿ ಗೊತ್ತಾಗುತ್ತದೆ.

ಬೆಳ್ಳಂದೂರು_ಬ್ಯಾಲ್ಕನಿ

ನೊರೆ ಬಗ್ಗೆ ಬೆಳ್ಳಂದೂರು ಕೆರೆಯ ಪಕ್ಕದಲ್ಲಿರುವ ನಮ್ಮನ್ನು ಕೇಳಿ. 2015ರಲ್ಲಿ ರಸ್ತೆ ಮೇಲೆ ಹಾರಿ ಬರುತ್ತಿತ್ತು. 2017ರಲ್ಲಿ ಕೆರೆಗೆ ಬೆಂಕಿ, 2018ರ ಜನವರಿಯಲ್ಲಿ ಮತ್ತೆ ಬೆಂಕಿ. ನೀರಿಗೆ ಬೆಂಕಿ ಬೀಳುವ ಊರಲ್ಲಿ ಇದ್ದೇವೆ. ಇಷ್ಟೊಂದು ಅಪಾರ್ಟ್‌ಮೆಂಟ್ ಎಸ್‌ಟಿಪಿ ಇದ್ದೂ ಹೇಗೆ ಹೀಗಾಯಿತು?

ಹೆಬ್ಬಾಳ_ಹೈದ

ಎಲ್ಲ ಅಪಾರ್ಟ್‌ಮೆಂಟಿನವರದೇ ತಪ್ಪು. ರಾತ್ರಿ ಹೊತ್ತು ಸೀದಾ ಮೋರಿಗೆ ಬಿಡುತ್ತಾರೆ.

ಬೆಳ್ಳಂದೂರು_ಬ್ಯಾಲ್ಕನಿ

ಹಲೋ, ಊರಿನ ಅರ್ಧ ಚರಂಡಿ ರಾಜಕಾಲುವೆಗೆ ಸೇರಿದ್ದು ನಮ್ಮಿಂದನಾ? ಎಸ್‌ಟಿಪಿ ಇಲ್ಲದ ಹಳೇ ಬಡಾವಣೆಗಳ ಮಾತೇನು?

ಲ್ಯಾಬ್_ಮೇಡಂ

ಜಗಳ ಬೇಡ, ಇಬ್ಬರದ್ದೂ ಅರ್ಧ ಸರಿ. ಶುದ್ಧ ಮಾಡದ ಚರಂಡಿ ನೀರು ಕೆರೆಗೆ ಸೇರಿದ್ದು, ಅದರಲ್ಲಿ ಸೋಪಿನ ಅಂಶ ಇದ್ದದ್ದು, ಕೋಡಿಯಲ್ಲಿ ನೀರು ಬಿದ್ದು ಕಲಕಿದ್ದು, ಮೂರೂ ಸೇರಿ ನೊರೆ. ಒಳ್ಳೆಯ ಸುದ್ದಿ ಬೇಕಾದರೆ ಜಕ್ಕೂರಿಗೆ ಹೋಗಿ. ಅಲ್ಲಿ ಎಸ್‌ಟಿಪಿ ನೀರು ಗಿಡಗಳ ಜೌಗು ಜಾಗದಲ್ಲಿ ಹಾದು ಕೆರೆಗೆ ಹೋಗುತ್ತದೆ, ಹಕ್ಕಿಗಳೂ ಬರುತ್ತವೆ.

ಕೆಂಗೇರಿ_ಪಾಸ್

ನಮ್ಮ ವೃಷಭಾವತಿ ನದಿಯನ್ನು ಯಾರೂ ಕೇಳುವುದೇ ಇಲ್ಲ. ಮೈಸೂರು ರಸ್ತೆಯಲ್ಲಿ ಬಸ್ ಕಿಟಕಿ ಮುಚ್ಚಿಕೊಂಡು ಹೋಗುವವರಿಗೆ ಬೆಳ್ಳಂದೂರಿನವರ ಕಷ್ಟ ಏನೂ ಅನ್ನಿಸುವುದಿಲ್ಲ.

ನಿರ್ವಾಹಕ

ಕೆರೆ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಹುಡುಗನ ಕೆಲಸದ ಮಾತು.

ಪೇ_ಸ್ಲಿಪ್_ಪಂಡಿತ

ಸರಿ, ಕೆಲಸದ ಮಾತಿಗೇ ಬರುತ್ತೇನೆ. ತಮ್ಮಾ, ಸಂಬಳ ಎಷ್ಟು ಅಂತ ನೀನು ಹೇಳಿಲ್ಲ, ಹೇಳುವುದೂ ಬೇಡ. ಕೈಗೆ ಎಷ್ಟು ಅಂತ ಕೇಳುವುದಕ್ಕಿಂತ ಪೇ ಸ್ಲಿಪ್ ಕೊಡುತ್ತಾರಾ ಅಂತ ಕೇಳು. ಸಂಬಳ 21,000 ಒಳಗಿದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ, ಬರುತ್ತದೆ. ನಿನ್ನ ಪಾಲು ಶೇ 0.75, ಅವರದ್ದು ಶೇ 3.25. ಈ ಕೆಲಸಕ್ಕೆ ಇಎಸ್‌ಐ ಕಾರ್ಡ್ ಇಲ್ಲದೆ ಹೋಗಬೇಡ. ಪಿಎಫ್ ಶೇ 12 ನಿನ್ನದು, ಅವರದ್ದೂ ಅಷ್ಟೇ. ಕೆಲವು ಗುತ್ತಿಗೆದಾರರು ಎರಡೂ ಪಾಲನ್ನು ಹುಡುಗರ ಸಂಬಳದಲ್ಲೇ ಹಿಡಿಯುತ್ತಾರೆ, ಲೆಕ್ಕ ನೋಡು. ವಾರಕ್ಕೆ 48 ಗಂಟೆ ದಾಟಿದರೆ ಓವರ್‌ಟೈಮ್, ಅದು ಎರಡರಷ್ಟು. 12 ಗಂಟೆಯಂತೆ ಆರು ದಿನ ಅಂದರೆ 72 ಗಂಟೆ. ಉಳಿದ 24 ಗಂಟೆಯ ದುಡ್ಡು ಎಲ್ಲಿ ಅಂತ ಕೇಳು.

ರಾಜಾಜಿನಗರ_ಕ್ರಾಸ್

ಕೇಳಿದರೆ ಬೇರೆ ಹುಡುಗ ಬರುತ್ತಾನೆ ಗುರು. ವಾಸ್ತವ ಅದು.

ಪೇ_ಸ್ಲಿಪ್_ಪಂಡಿತ

ಬರಲಿ ಬಿಡಿ. ಕೆಲಸ ಗೊತ್ತಿರುವ ಆಪರೇಟರ್ ಸಿಗದೇ ಒದ್ದಾಡುತ್ತಿರುವ ಅಪಾರ್ಟ್‌ಮೆಂಟ್‌ಗಳು ಎಷ್ಟು ಬೇಕು? ಕೇಳದಿರುವುದರಿಂದಲೇ ವಾಸ್ತವ ಹಾಗೆ ಉಳಿದಿರುವುದು.

ಬ್ಲೋವರ್_ಅಣ್ಣ

ಮೊದಲ ಆರು ತಿಂಗಳು ಕಲಿಯಲು ಇಟ್ಟುಕೋ. ಆಮೇಲೆ ಪಂಡಿತರು ಹೇಳಿದ್ದನ್ನು ಜೋರಾಗಿ ಕೇಳು. ಜಲಮಂಡಳಿ ವಿಷಯ ಹೇಳುವುದಾದರೆ, ಅಲ್ಲಿಯ ದೊಡ್ಡ ಪ್ಲಾಂಟ್‌ಗಳನ್ನೂ ದಿನಾ ನಡೆಸುವುದು ಹೆಚ್ಚಾಗಿ ಗುತ್ತಿಗೆ ಕಂಪನಿಗಳೇ. ಖಾಯಂ ಸರ್ಕಾರಿ ಹುದ್ದೆ ಬೇಕಾದರೆ ಪರೀಕ್ಷೆ ಬರೆಯಬೇಕು, ಅದು ಬೇರೆ ದಾರಿ. ಆದರೆ ಅಪಾರ್ಟ್‌ಮೆಂಟಿನಲ್ಲಿ ನಿಜವಾಗಿ ಕಲಿತವನನ್ನು ದೊಡ್ಡ ಪ್ಲಾಂಟ್‌ನ ಕಂಪನಿಗಳು ತೆಗೆದುಕೊಳ್ಳುತ್ತವೆ. ಅಲ್ಲಿ 8 ಗಂಟೆ ಶಿಫ್ಟ್, ಲ್ಯಾಬ್, ಪ್ಯಾನೆಲ್ ರೂಮ್, ಕ್ಯಾಂಟೀನ್ ಎಲ್ಲ ಇರುತ್ತದೆ.

ಮದುವೆ_ಮಂಟಪ

ಅಮ್ಮನಿಗೆ "ನೀರು ಶುದ್ಧೀಕರಣ ಘಟಕದಲ್ಲಿ ಟೆಕ್ನಿಷಿಯನ್" ಅಂತ ಹೇಳು. ಹೆಣ್ಣು ನೋಡಲು ಹೋದಾಗಲೂ ಅದೇ. ನಾನು ಹಾಗೇ ಮದುವೆಯಾಗಿದ್ದು.

ಕೆಂಗೇರಿ_ಪಾಸ್

ಆಮೇಲೆ ಅತ್ತಿಗೆಗೆ ಗೊತ್ತಾಗಲಿಲ್ಲವಾ?

ಮದುವೆ_ಮಂಟಪ

ಮೊದಲ ದಿನ ಯೂನಿಫಾರ್ಮ್ ಒಗೆಯುವಾಗಲೇ ಗೊತ್ತಾಯಿತು. ಈಗ ನನ್ನ ಬಟ್ಟೆಗೆ ಬೇರೆ ಬಕೆಟ್.

ಗ್ರೌಂಡ್_ಫ್ಲೋರ್_ಅಜ್ಜ

2024ರ ಬೇಸಿಗೆಯಲ್ಲಿ ಈ ಎಸ್‌ಟಿಪಿ ನೀರಿಗೆ ಬಂದ ಮರ್ಯಾದೆ ನೆನಪಿದೆಯಾ? ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಬಿಟ್ಟರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಮಾರ್ಚ್‌ನಲ್ಲಿ ಆದೇಶ ಮಾಡಿತು. ಅವತ್ತಿನಿಂದ ನಮ್ಮ ಎಸ್‌ಟಿಪಿ ಹುಡುಗನನ್ನು ಎಲ್ಲರೂ ಹೆಸರು ಹಿಡಿದು ಮಾತಾಡಿಸಲು ಶುರು ಮಾಡಿದರು. ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಬಂತು, ಮತ್ತೆ ಮರೆತರು. ನೂರು ಕಿಲೋಮೀಟರ್ ದೂರದಿಂದ ನೀರು ಎತ್ತಿ ತಂದು ಒಂದು ಸಲ ಬಳಸಿ ಮೋರಿಗೆ ಬಿಡುವುದು ಯಾವ ಜಾಣತನವೋ.

ಶಿರಾ_ಫಿಟ್ಟರ್

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಗುತ್ತಿಗೆದಾರನ ಹತ್ತಿರ ಮತ್ತೆ ಹೋಗಿದ್ದೆ. ಇಎಸ್‌ಐ, ಪಿಎಫ್ ಇದೆ, ಪೇ ಸ್ಲಿಪ್ ಕೊಡುತ್ತೇವೆ ಅಂದರು. ಟ್ಯಾಂಕಿಗೆ ಇಳಿಯುವುದಿಲ್ಲ ಅಂದೆ. "ಯಾರಪ್ಪ ನಿನಗೆ ಇದೆಲ್ಲ ಹೇಳಿಕೊಟ್ಟಿದ್ದು" ಅಂತ ಮುಖ ನೋಡಿದರು, ಆದರೂ ಸರಿ ಅಂದರು. ಗ್ಯಾಸ್ ಮೀಟರ್ ಇಲ್ಲವಂತೆ. ಓವರ್‌ಟೈಮ್ ಮಾತಿಗೆ ನಕ್ಕರು. ಪ್ಲಾಂಟ್ ಹಳೇ ಮಾದರಿ, ಏರೇಷನ್ ಮತ್ತು ಕ್ಲಾರಿಫೈಯರ್. ಜಾಡಿ ಎಲ್ಲಿ ಸಿಗುತ್ತದೆ ಮೇಡಂ?

ಲ್ಯಾಬ್_ಮೇಡಂ

ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಕೇಳಿ. ಗಾಜಿನದು ಬೇಡ, ಕಾಂಕ್ರೀಟ್ ನೆಲಕ್ಕೆ ಬಿದ್ದರೆ ಮುಗಿಯಿತು. ಪ್ಲಾಸ್ಟಿಕ್‌ನದ್ದು, 1000 ಮಿಲಿ, ಗೆರೆ ಇರಬೇಕು. ಬಿಲ್ ಗುತ್ತಿಗೆದಾರನ ಹೆಸರಿಗೆ ಮಾಡಿಸಿ.

ದಾಸರಹಳ್ಳಿ_ಸೇಫ್ಟಿ

ಇಳಿಯುವುದಿಲ್ಲ ಅಂದದ್ದನ್ನು ವಾಟ್ಸಾಪ್‌ನಲ್ಲೂ ಒಂದು ಸಾಲು ಕಳಿಸಿಡು. ಬಾಯಿ ಮಾತು ಯಾರಿಗೂ ನೆನಪಿರುವುದಿಲ್ಲ.

ಟವರ್_ಸಿ_ನಿವಾಸಿ

ಭಾನುವಾರ ನಮ್ಮ ಕಮಿಟಿ ಮೀಟಿಂಗ್ ಇದೆ. ಬ್ಲೋವರ್ ಟೈಮರ್ ತೆಗೆಸುವ ವಿಷಯ ಎತ್ತುತ್ತೇನೆ. ಗ್ರೌಂಡ್ ಫ್ಲೋರಿನವರು ಬಿಡುವುದಿಲ್ಲ, ನೋಡೋಣ.

ಬ್ಲೋವರ್_ಅಣ್ಣ

ಶಬ್ದಕ್ಕೆ ಅಕೌಸ್ಟಿಕ್ ಕವರ್ ಹಾಕಿಸಿ ಸರ್, ಬ್ಲೋವರ್ ಕೆಳಗಿನ ರಬ್ಬರ್ ಪ್ಯಾಡ್ ಬದಲಿಸಿ. ಇನ್ನೊಂದು ವಿಷಯ ಮೀಟಿಂಗ್‌ನಲ್ಲೇ ಹೇಳಿಬಿಡಿ. ಟೈಮರ್ ತೆಗೆದ ಮೊದಲ ಕೆಲವು ದಿನ ವಾಸನೆ ಇನ್ನೂ ಜಾಸ್ತಿ ಆಗಬಹುದು, ತಳದಲ್ಲಿ ಕೂತ ಕಪ್ಪು ಕೆಸರು ಮೇಲೆ ಏಳುತ್ತದೆ. ಹೇಳದೇ ಇದ್ದರೆ ಮಾರನೇ ದಿನವೇ ಯಾರೋ ಒಬ್ಬರು ಕೆಳಗೆ ಬಂದು ಮತ್ತೆ ಟೈಮರ್ ಹಾಕಿಸುತ್ತಾರೆ.